ಕಲ್ಲಾದ ಕುರುಕಲು

ಮಂಗಳವಾರ, ಸಂಜೆ

ಅಮ್ಮ ಚಕ್ಲಿ ಒತ್ತುತ್ತಿದ್ದಾಳೆ. ಬಾಣಲೆಯಿಂದ ಈಗಷ್ಟೇ ಎದ್ದ ಒಂದನ್ನು ಕಟಕಟ ಮುರಿಯುತ್ತ ಮಗಳು ಕೇಳಿದಳು: “ಅಪ್ಪಾ, ಡೈನೋಸಾರ್‌ಗೆ ಸಂಜೆ ತಿಂಡಿಗೆ ಏನು ಇಷ್ಟ?”

ಪುಸ್ತಕಗಳನ್ನು ತಿರುವಿ ಹಾಕಿದೆ. ಇದು ಸಸ್ಯಾಹಾರಿ, ಅದು ಮಾಂಸಾಹಾರಿ. ಮದುವೆ ಮನೆಯಲ್ಲಿ ಎಲೆ ಹಾಕುವ ಮುಂಚೆ ವಿಚಾರಿಸುತ್ತಾರಲ್ಲ, ಅಷ್ಟೇ ವಿವರ. ಊಟದ ಸುದ್ದಿಯೇ ಎಲ್ಲ. ನಡುವೆ ಬಾಯಾಡಿಸಿದ್ದರ ಬಗ್ಗೆ ಒಂದಕ್ಷರವಿಲ್ಲ. ಆರೂವರೆ ಕೋಟಿ ವರ್ಷಕ್ಕೂ ಹಳೆಯ ಬಾಕಿ ಇದು. ಇವತ್ತಿನಿಂದ ಟಿಪ್ಪಣಿ ಶುರು.

ವ್ಯಾಖ್ಯೆ (ಅಮ್ಮನಿಂದ): ಕೂತು ತಿಂದರೆ ಊಟ, ಓಡಾಡುತ್ತ ತಿಂದರೆ ಕುರುಕಲು. ಕುರುಕಲಿಗೆ ಸದ್ದಿರಬೇಕು. ಸದ್ದಿಲ್ಲವೆಂದರೆ ಡಬ್ಬದ ಮುಚ್ಚಳವನ್ನು ಯಾರೋ ಸರಿಯಾಗಿ ಹಾಕಿಲ್ಲ. ಹಾಗೆನ್ನುವಾಗ ನನ್ನನ್ನೇ ನೋಡಿದಳು.

ಅದೇ ರಾತ್ರಿ

ಪುರಾವೆ ಎಲ್ಲಿ ಹುಡುಕುವುದು? ತಿಂದದ್ದರ ಹೊಟ್ಟೆಯಲ್ಲಿ, ಇಲ್ಲವೇ ಅದರಾಚೆ. ಅದರಾಚೆಯ ವಿಭಾಗಕ್ಕೆ ಮರ್ಯಾದೆ ತಂದುಕೊಟ್ಟವರು ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್. ಕಲ್ಲಾದ ಮಲಕ್ಕೆ 1829ರಲ್ಲಿ ಕೋಪ್ರೊಲೈಟ್ ಎಂದು ಹೆಸರಿಟ್ಟದ್ದು ಅವರೇ. ಅಂಥ ಕಲ್ಲುಗಳ ಬಿಲ್ಲೆ ಕೂರಿಸಿದ ಮೇಜೂ ಅವರ ಬಳಿ ಇತ್ತು. ಅದರ ಹಲಗೆ ಇಂದಿಗೂ ಇಂಗ್ಲೆಂಡಿನ ಲೈಮ್ ರೀಜಿಸ್ ಮ್ಯೂಸಿಯಂನಲ್ಲಿದೆ.

ಅಮ್ಮ: “ಥೂ, ಅದರ ಮೇಲೆ ಕಾಫಿ ಇಡ್ತಿದ್ರಾ?”

ಸಗಣಿ ಸಾರಿಸಿದ ನೆಲದ ಮೇಲೆ ಎಲೆ ಹಾಕಿಸಿಕೊಂಡು ಬೆಳೆದವಳ ಮಾತು ಇದು. ಟಿಪ್ಪಣಿಯಲ್ಲಿ ಬರೆದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಬುಧವಾರ

ದೊಡ್ಡ ಸುದ್ದಿ, ಅದೂ ಪಕ್ಕದ ರಾಜ್ಯದಿಂದ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಇಂಥ ಕಲ್ಲುಗಳು ಹೇರಳ. ಟೈಟನೋಸಾರ್ ಎಂಬ ಉದ್ದ ಕತ್ತಿನ ಭಾರಿ ಪ್ರಾಣಿಗಳದ್ದಿರಬೇಕೆಂದು ಅಂದಾಜು. ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಅವನ್ನು ಸೂಕ್ಷ್ಮದರ್ಶಕದಡಿ ನೋಡಿ 2005ರಲ್ಲಿ ವರದಿ ಮಾಡಿದರು: ತಾಳೆ, ಸೂಚಿಪರ್ಣಿಗಳ ಜೊತೆಗೆ ಹುಲ್ಲೂ ಇದೆ! ಅಲ್ಲಿಯವರೆಗೆ ಡೈನೋಸಾರ್‌ಗಳು ಹುಲ್ಲನ್ನು ಕಂಡೇ ಇರಲಿಲ್ಲ ಎಂಬುದೇ ಹೆಚ್ಚಿನವರ ನಂಬಿಕೆ. 2011ರಲ್ಲಿ ಇನ್ನೂ ಮುಂದೆ ಹೋದರು: ಆ ಹುಲ್ಲಿನಲ್ಲಿ ಭತ್ತದ ಬಳಗಕ್ಕೆ ಸೇರಿದ್ದೂ ಇದೆ.

ಚಕ್ಲಿಗೆ ಏನು ಬೇಕು? ಅಕ್ಕಿ ಹಿಟ್ಟು. ಬಳಗ ಹಾಜರಿತ್ತು. ಉದ್ದು, ಜೀರಿಗೆ, ಎಳ್ಳು, ಬಾಣಲೆ, ಅಮ್ಮ ಇವಿಷ್ಟೇ ಬಾಕಿ.

ಹುಲ್ಲು ಮಣ್ಣಿನಿಂದ ಸಿಲಿಕಾ ಹೀರಿ ತನ್ನ ಜೀವಕೋಶಗಳಲ್ಲಿ ಗಾಜಿನಂಥ ಕಣ ಕಟ್ಟಿಕೊಳ್ಳುತ್ತದೆ. ಗದ್ದೆಗಿಳಿದವರಿಗೆ ಭತ್ತದ ಎಲೆ ಮೊಣಕೈ ಗೀರಿದ ನೆನಪಿದ್ದೇ ಇರುತ್ತದೆ. ಹೊಟ್ಟೆಯಲ್ಲಿ ಕರಗದೆ, ಕೋಟಿಗಟ್ಟಲೆ ವರ್ಷ ಕೆಡದೆ ಉಳಿದು ಸಾಕ್ಷಿ ಹೇಳಿದ್ದು ಈ ಕಣಗಳೇ. ಅಂದರೆ ಪದಾರ್ಥ ಹುಟ್ಟಿನಿಂದಲೇ ಗರಿಗರಿ.

ಗೊಂದಲ ಇರುವುದು ಇಲ್ಲೇ. ಟೈಟನೋಸಾರ್‌ಗೆ ಇದ್ದದ್ದು ಪೆನ್ಸಿಲ್ ಕಡ್ಡಿಯಂಥ ಹಲ್ಲು. ಸವರಿ ಕಿತ್ತುಕೊಳ್ಳಬಲ್ಲದು, ಅಗಿಯಲಾರದು. ಕಿತ್ತದ್ದು ಸೀದಾ ಗಂಟಲಿಗೆ. ಗಾಜಿನ ಹರಳು ತುಂಬಿದ ಹುಲ್ಲನ್ನು ತಿಂದೂ ಒಮ್ಮೆಯೂ ಕುರುಂ ಎನಿಸದೆ ನುಂಗಿದ ಪ್ರಾಣಿ! ನಮ್ಮ ಸೋದರಮಾವನೊಬ್ಬ ಕೋಡುಬಳೆಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ. ಅವನನ್ನೂ ನಾವು ಅರ್ಥ ಮಾಡಿಕೊಳ್ಳಲಿಲ್ಲ.

ಗುರುವಾರ

ಟೈಟನೋಸಾರ್ ಹುಲ್ಲು ತಿನ್ನುತ್ತಿದ್ದರೆ ಅದರ ಮರಿಯನ್ನು ತಿನ್ನಲು ಬೇರೆಯವರು ಕಾದಿದ್ದರು. ಗುಜರಾತಿನ ಧೋಲಿ ಡುಂಗರಿಯಲ್ಲಿ ಧನಂಜಯ ಮೊಹಬೆ ಅವರಿಗೆ 1980ರ ದಶಕದಲ್ಲಿ ಮೊಟ್ಟೆ, ಮೂಳೆಗಳಿದ್ದ ಒಂದು ಬಂಡೆ ಸಿಕ್ಕಿತ್ತು. ಎಲ್ಲವೂ ಡೈನೋಸಾರ್ ಮರಿಯದ್ದೇ ಎಂದುಕೊಂಡಿದ್ದರು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ನೋಡಿ, ಇದರಲ್ಲಿ ಹಾವಿನ ಬೆನ್ನುಮೂಳೆಯೂ ಇದೆಯಲ್ಲ ಎಂದರು. ಮೂರೂವರೆ ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಯೊಂದನ್ನು ಸುತ್ತಿ ಕೂತಿದೆ. ಪಕ್ಕದಲ್ಲೇ ಅರ್ಧ ಮೀಟರಿನ ಮರಿ. ಮಣ್ಣೋ ಮರಳೋ ಹಠಾತ್ತನೆ ಕುಸಿದು ಎಲ್ಲರನ್ನೂ ಹಾಗೆಯೇ ಮುಚ್ಚಿರಬೇಕು. ತಟ್ಟೆಯ ಮುಂದೆ ಕೂತಾಗ ಕರೆಂಟ್ ಹೋದ ಹಾಗೆ, ಶಾಶ್ವತವಾಗಿ.

2010ರಲ್ಲಿ ಹಾವಿಗೆ ಸನಾಜೆ ಇಂಡಿಕಸ್ ಎಂದು ನಾಮಕರಣ. ಸಂಸ್ಕೃತದಿಂದ ತಂದ ಹೆಸರು. ಪುರಾತನ ಬಾಯ್ದೆರೆತ ಎಂಬ ಅರ್ಥವಂತೆ. ತಮಾಷೆ ಏನೆಂದರೆ ಇಂದಿನ ಹೆಬ್ಬಾವಿನಷ್ಟು ಬಾಯಿ ತೆರೆಯಲು ಇದಕ್ಕೆ ಬರುತ್ತಿರಲಿಲ್ಲ. ಇಡೀ ಮೊಟ್ಟೆ ಹಿಡಿಸದು, ಮರಿ ಹೊರಬರುವವರೆಗೆ ಕಾಯಬೇಕು. ಬೋಂಡ ಬಿಸಿಯಿದೆ ಎಂದು ಊದುತ್ತ ಕೂತವರ ಸಂಕಟ.

ಸದ್ದು: ಇಲ್ಲ. ಇದೂ ನುಂಗುವ ಜಾತಿ.

ಶುಕ್ರವಾರ

ಕೆನಡಾದ ಆಲ್ಬರ್ಟಾ. ಏಳೂವರೆ ಕೋಟಿ ವರ್ಷ ಹಿಂದಿನ ಗೋರ್ಗೋಸಾರಸ್, ಟಿ. ರೆಕ್ಸ್ ಬಳಗದ ಹುಡುಗ (ಹುಡುಗಿಯೂ ಇರಬಹುದು), ವಯಸ್ಸು ಐದರಿಂದ ಏಳು. ಹೊಟ್ಟೆಯಲ್ಲಿ ಸಿಟಿಪೀಸ್ ಎಂಬ ಹಕ್ಕಿಯಂಥ ಎರಡು ಡೈನೋಸಾರ್ ಮರಿಗಳು. ಮರಿಗಳು ಎಂದರೆ ಪೂರ್ತಿ ಮರಿಗಳಲ್ಲ, ಹಿಂಗಾಲು ಮಾತ್ರ! ಒಂದು ಹೆಚ್ಚು ಜೀರ್ಣವಾಗಿದೆ, ಇನ್ನೊಂದು ಕಡಿಮೆ. ಅಂದರೆ ಬೇರೆ ಬೇರೆ ಹೊತ್ತಿನಲ್ಲಿ ತಿಂದದ್ದು. 2023ರಲ್ಲಿ ಪ್ರಕಟವಾದ ಸಂಗತಿ.

ಎರಡು ಸಲವೂ ಲೆಗ್ ಪೀಸೇ. ಇದು ಊಟವಲ್ಲ. ಭಾನುವಾರ ಬಿರಿಯಾನಿ ಪಾತ್ರೆಯೊಳಗೆ ಕೈ ಹಾಕಿ ಹುಡುಕುವ ಪಕ್ಕದ ಮನೆ ಹುಡುಗನ ಲಕ್ಷಣ. ಆದರೂ ಕಾಲುಗಳು ಜಗಿದು ಪುಡಿಯಾಗಿಲ್ಲ. ಸದ್ದು: ಅನುಮಾನ.

ಶನಿವಾರ, ಮಧ್ಯಾಹ್ನ

ಸಿಕ್ಕಿತು! ಅಮೆರಿಕದ ಯೂಟಾದಲ್ಲಿ ಸಿಕ್ಕ ಕೋಪ್ರೊಲೈಟ್‌ಗಳು, 2017ರ ವರದಿ, ಕ್ಯಾರೆನ್ ಚಿನ್ ಮತ್ತು ಸಂಗಡಿಗರದ್ದು. ತಿಂದದ್ದು ಬಾತುಕೊಕ್ಕಿನ ಹ್ಯಾಡ್ರೋಸಾರ್‌ಗಳಿರಬೇಕು. ಅವು ಸಾಕ್ಷಾತ್ ಸಸ್ಯಾಹಾರಿಗಳೆಂದು ಪ್ರಸಿದ್ಧಿ. ಒಳಗಿದ್ದದ್ದು ಕೊಳೆತ ಮರ. ಮರದ ನಡುವೆ ಏಡಿ, ಸಿಗಡಿಗಳ ಬಳಗದ ಚಿಪ್ಪಿನ ಚೂರು! ಗೊತ್ತಿಲ್ಲದೆ ಬಾಯಿಗೆ ಬಂತು ಎನ್ನಲು ಚಿಪ್ಪುಗಳು ಅಷ್ಟು ಸಣ್ಣವೂ ಅಲ್ಲ. ಮೊಟ್ಟೆ ಇಡುವ ಕಾಲಕ್ಕೆ ಪ್ರೋಟೀನು, ಕ್ಯಾಲ್ಸಿಯಂ ಬೇಕಾಗಿತ್ತೇನೋ ಎಂದು ವಿಜ್ಞಾನಿಗಳ ಊಹೆ. ಮೊಟ್ಟೆ ತಿನ್ನಲ್ಲ, ಕೇಕಾದರೆ ಪರವಾಗಿಲ್ಲ ಎನ್ನುವವರು ನಮ್ಮಲ್ಲೂ ಇದ್ದಾರೆ. ನಾನು ಕಾರಣ ಕೇಳಿಲ್ಲ.

ಮುಖ್ಯ ವಿಷಯ: ಹ್ಯಾಡ್ರೋಸಾರ್‌ಗೆ ಅರೆಯುವ ಹಲ್ಲು ನೂರುಗಟ್ಟಲೆ, ಸಾಲುಸಾಲು. ಇದು ಜಗಿಯುತ್ತಿತ್ತು. ಚಿಪ್ಪು ಸಮೇತ ಜಗಿಯುತ್ತಿತ್ತು. ಸದ್ದು: ಖಂಡಿತ ಇದೆ!

ಮಗಳಿಗೆ ವರದಿ ಒಪ್ಪಿಸಿದೆ. “ನೀನು ಕೇಳಿಸಿಕೊಂಡಿದ್ಯಾ?” ಎಂದಳು.

ಭಾನುವಾರ, ತಾರಸಿ

ಕಣ್ಣಾರೆ ನೋಡುವುದು ಅಗತ್ಯವಾಯಿತು. ಹಕ್ಕಿಗಳು ಡೈನೋಸಾರ್ ಸಂತತಿ ಎಂಬುದರಲ್ಲಿ ಈಗ ತಕರಾರಿಲ್ಲ. ಹೀಗಾಗಿ ಪ್ರಯೋಗಶಾಲೆಗೆ ಕೆನಡಾವರೆಗೆ ಹೋಗಬೇಕಿಲ್ಲ. ಅಮ್ಮ ಹಳೇ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಇಟ್ಟಿದ್ದಾಳೆ. ಕಾವಲಿಗೆ ಬಿಡಿಸಿಟ್ಟ ಕಪ್ಪು ಕೊಡೆ, ನಾನು, ಮಗಳು.

11:20. ನೀರಿನ ತೊಟ್ಟಿಯ ಮೇಲೆ ಕಾಗೆ ಒಂದು. ಕೊಡೆಯನ್ನು ನೋಡಿತು, ನನ್ನನ್ನು ನೋಡಿತು. ಇಬ್ಬರನ್ನೂ ಲೆಕ್ಕಕ್ಕಿಡಲಿಲ್ಲ.

11:24. ಪಂಚೆಯ ಅಂಚಿಗೆ ಹಾರಿ, ಹಸಿಯಿದ್ದ ಎರಡನ್ನು ಕುಕ್ಕಿ ಬಿಟ್ಟು, ಚೆನ್ನಾಗಿ ಒಣಗಿದ್ದನ್ನೇ ಆರಿಸಿ ಎತ್ತಿತು. ಭತ್ತದ ಬಳಗದ ರುಚಿ ಇನ್ನೂ ನೆನಪಿದೆ! ನಾನು ಉಸಿರು ಬಿಗಿಹಿಡಿದು ಕಿವಿ ನಿಮಿರಿಸಿದೆ.

11:25. ಸಂಡಿಗೆಯನ್ನು ಒಯ್ದು, ಹಕ್ಕಿಗಳಿಗೆಂದು ಮಗಳು ನೀರಿಟ್ಟಿದ್ದ ಮಣ್ಣಿನ ತಟ್ಟೆಯೊಳಗೆ ಹಾಕಿತು. ಅತ್ತಿತ್ತ ನೋಡಿತು. ಕೊಕ್ಕಿನಿಂದ ಒಮ್ಮೆ ಮಗುಚಿ ಹಾಕಿತು.

11:29. ಮೆತ್ತಗಾದದ್ದನ್ನು ನುಂಗಿ ಇನ್ನೊಂದಕ್ಕೆ ಬಂತು.

ಕೆಳಗಿನಿಂದ ಅಮ್ಮ: “ಕಾಗೆ ಬಂತೇನೋ?”

“ನೋಡ್ತಾ ಇದ್ದೀವಮ್ಮ” ಎಂದೆ. ಮಗಳು ನನ್ನ ಪುಸ್ತಕ ಕಿತ್ತುಕೊಂಡು ‘ಸದ್ದು’ ಎಂಬ ಕಲಮಿನ ಎದುರು ದುಂಡಗೆ ಬರೆದಳು: ಪುಳಕ್.