ಸಮುದ್ರವೇ ಎಲ್ಲೆಯಾದಾಗ

ಕೃಷ್ಣಾ-ತುಂಗಭದ್ರೆಯರ ನಡುವಿನ ಬಯಲುನಾಡಾದ ರಾಯಚೂರಿನಲ್ಲಿ ಹತ್ತಿಯ ವ್ಯಾಪಾರ ಮಾಡುತ್ತ ಬಂದ ನಾನು ಕಡಲಂಚಿನ ಕಡಿದಾದ ಬಂಡೆಗಳನ್ನು ಕಂಡುದು ಅರವತ್ತು ದಾಟಿದ ಮೇಲೆ. ಕಳೆದ ಜ್ಯೇಷ್ಠ ಮಾಸದಲ್ಲಿ ಮಗನೊಡನೆ ಗೋಕರ್ಣಕ್ಕೆ ಹೋಗಿ, ಕುಡ್ಲೆ ಮತ್ತು ಓಂ ಕಡಲತೀರಗಳ ನಡುವಿನ ಜಂಬಿಟ್ಟಿಗೆ ಗುಡ್ಡವನ್ನು ಏರಿದೆನು. ನೈಋತ್ಯದ ಗಾಳಿ ನಿಲ್ಲಗೊಡದು. ಕೆಳಗೆ ಅಲೆಗಳು ಬಂಡೆಯ ಬುಡವನ್ನು ಕೊರೆಯುತ್ತಿದ್ದವು. ಬುಡ ಸವೆದಂತೆ ಮೇಲಿನ ಕಲ್ಲು ತಾನಾಗಿ ಕುಸಿಯುವುದು.

“ಅಪ್ಪಾಜಿ, ಇನ್ನ ಮುಂದ ಹೋಗಬ್ಯಾಡ್ರಿ” ಎಂದು ಮಗನು ಕೈಹಿಡಿದನು.

ಆ ಮಾತು ನನ್ನನ್ನು ತಟ್ಟಿತು. ದೇವದುರ್ಗ, ಮಾನ್ವಿಗಳ ಅಂಗಡಿಗಳು ಚಿಕ್ಕವಾದವೆಂದು ಅವನು ಕೃಷ್ಣೆಯ ಆಚೆ ಹೊಸ ಖರೀದಿ ಅಂಗಡಿಗಾಗಿ ಸಾಲದ ಕಾಗದಗಳನ್ನು ಸಿದ್ಧಪಡಿಸಿದ್ದನು. ನನ್ನ ಸಹಿಯೊಂದೇ ಉಳಿದಿತ್ತು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ದಿಗ್‌ವ್ರತದ ಎಲ್ಲೆಗಳನ್ನು ಹೇಳುವಾಗ ಸಮುದ್ರ, ನದಿ, ಅಡವಿ, ಪರ್ವತಗಳನ್ನು ಹೆಸರಿಸಿರುವರು. ಇದನ್ನು ಸ್ವಾಧ್ಯಾಯದಲ್ಲಿ ಹಲವು ಸಲ ವಿವರಿಸಿದ್ದೆನು, ಪಾಲಿಸಿರಲಿಲ್ಲ. ಬಂಡೆಯ ಅಂಚಿನಲ್ಲಿ ನಿಂತವನಿಗೆ ನಿಂತುದರ ಪುಣ್ಯವಿಲ್ಲ. ಮುಂದೆ ನೆಲವೇ ಇಲ್ಲ. ದಾರಿ ಇರುವಾಗಲೂ ನಿಲ್ಲುವುದೇ ವ್ರತ. ನನ್ನ ಸಂತೃಪ್ತಿಯನ್ನು ಜನರು ಹೊಗಳುವುದುಂಟು. ಅದು ವಯಸ್ಸು ಎಳೆದ ಗೆರೆ, ಮನಸ್ಸು ಎಳೆದುದಲ್ಲ.

ಊರಿಗೆ ಮರಳಿ ಸಹಿ ಹಾಕಲಿಲ್ಲ. ಎರಡು ನದಿಗಳೇ ನಮ್ಮ ವ್ಯಾಪಾರದ ಎಲ್ಲೆಯೆಂದು ಬಸದಿಯಲ್ಲಿ ನಿಯಮ ಮಾಡಿದೆನು. ಮಗನ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಅವನದು ತಪ್ಪಲ್ಲ, ಧರ್ಮಬಂಧುಗಳೇ. ನನ್ನ ಯೌವನದಲ್ಲಿಯೇ ಈ ಗೆರೆ ಎಳೆದಿದ್ದರೆ, ಅವನಿಗೆ ಅದು ಅಡ್ಡಿಯಾಗಿ ಅಲ್ಲ, ಮನೆಯ ರೂಢಿಯಾಗಿ ಕಾಣುತ್ತಿತ್ತು.