ಹೊರಗೆ ಕಂಡ ಎಲೆ, ಒಳಗೆ ಬೆಳೆದ ಅನ್ನ

ಕಣ್ಣಿಗೆ ಕಂಡದ್ದನ್ನೇ ಪೂರ್ಣಸತ್ಯವೆಂದು ನಂಬುವುದು ಮಾನವನ ಸಹಜ ಸ್ವಭಾವ. ಆದರೆ ಬಹಿರಂಗದ ನೋಟವೆಷ್ಟೇ ಸ್ಪಷ್ಟವಾಗಿದ್ದರೂ ಅಂತರಂಗವನ್ನು ಕಾಣದ ಹೊರತು ಅರಿವು ಪೂರ್ಣಗೊಳ್ಳದು. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ವಾಸಿಸುವ, ಎಲೆ ಕತ್ತರಿಸುವ ಇರುವೆಗಳನ್ನು ಮನುಷ್ಯನು ಅರಿತುಕೊಂಡ ಬಗೆಯೇ ಇದಕ್ಕೊಂದು ನಿದರ್ಶನ.

ಈ ಇರುವೆಗಳು ಮರವನ್ನೇರಿ, ಗರಗಸದಂತಹ ದವಡೆಗಳಿಂದ ಎಲೆಯನ್ನು ಕತ್ತರಿಸಿ, ಒಂದೊಂದು ಚೂರನ್ನೂ ಕೊಡೆಯಂತೆ ತಲೆಯ ಮೇಲೆತ್ತಿ ಹಿಡಿದು ಸಾಲುಗಟ್ಟಿ ಗೂಡಿಗೆ ಸಾಗುತ್ತವೆ. ನಡೆದು ನಡೆದು ಕಾಡಿನ ನೆಲದಲ್ಲಿ ಹಾದಿಯೇ ಬಿದ್ದಿರುತ್ತದೆ. ಇಷ್ಟೊಂದು ಎಲೆ ಏತಕ್ಕೆ? ತಿನ್ನಲಿಕ್ಕೆಂದೇ ಹಲವರು ಭಾವಿಸಿದ್ದರು. ಅಮೆಜಾನ್ ಪ್ರದೇಶದಲ್ಲಿ ಹನ್ನೊಂದು ವರ್ಷ ಕಳೆದ ಹೆನ್ರಿ ವಾಲ್ಟರ್ ಬೇಟ್ಸ್ ಅವರು, ಗೂಡಿನ ಮಣ್ಣು ಮಳೆಗೆ ಕುಸಿಯದಂತೆ ಹೊದಿಸಲು ಎಲೆ ಬೇಕೆಂದು 1863ರ ತಮ್ಮ ಗ್ರಂಥದಲ್ಲಿ ಬರೆದರು. ಇಬ್ಬರದೂ ಹೊರಗಿನ ನೋಟವೇ.

ಥಾಮಸ್ ಬೆಲ್ಟ್ ಅವರು 1868ರಿಂದ 1872ರವರೆಗೆ ನಿಕರಾಗುವಾ ದೇಶದ ಚೊಂಟಾಲೆಸ್ ಪ್ರಾಂತ್ಯದ ಚಿನ್ನದ ಗಣಿಯಲ್ಲಿ ಎಂಜಿನಿಯರ್ ಆಗಿದ್ದರು. ಅಲ್ಲಿ ಅವರು ಅಕ್ಕರೆಯಿಂದ ಬೆಳೆಸಿದ ತೋಟದ ಎಲೆಗಳನ್ನು ಈ ಇರುವೆಗಳು ಬೋಳಿಸಿಬಿಟ್ಟವು. ಆದುದರಿಂದ ಬೆಲ್ಟ್ ಅವರು ಇರುವೆಗಳ ಬಳಿಗೆ ಬಂದದ್ದು ಮಿತ್ರನಾಗಿಯಲ್ಲ, ವೈರಿಯಾಗಿ. ಗೂಡಿನ ಬಿಲಗಳಿಗೆ ಕಾರ್ಬಾಲಿಕ್ ಆಮ್ಲವನ್ನು ನೀರಿನಲ್ಲಿ ಬೆರೆಸಿ ಸುರಿದರು. ಆದರೂ ನೋಡುವುದನ್ನು ಬಿಡಲಿಲ್ಲ. ಗಣಿಯ ಹಳಿಗಳನ್ನು ದಾಟುವಾಗ ಬಂಡಿಗಳಡಿ ಸಿಲುಕಿ ಸಾಯುತ್ತಿದ್ದ ಇರುವೆಗಳು ಹಳಿಯ ಕೆಳಗೆ ಸುರಂಗ ತೋಡಿಕೊಂಡದ್ದನ್ನು ಕಂಡರು. ಬಂಡಿಗಳು ಓಡದ ದಿನ ಆ ಸುರಂಗಗಳಿಗೆ ಕಲ್ಲು ತುಂಬಿದರು. ಇರುವೆಗಳು ಹಳಿಯನ್ನೇರದೆ ಹೊಸ ಸುರಂಗ ತೋಡತೊಡಗಿದವು.

ಕೊನೆಗೆ ಗೂಡನ್ನೇ ಅಗೆಸಿದಾಗ ಒಳಗಣ ಕೋಣೆಗಳಲ್ಲಿ ಎಲೆಯ ರಾಶಿ ಇರಲಿಲ್ಲ. ಅಲ್ಲಿದ್ದುದು ಸ್ಪಂಜಿನಂತಹ ಕಂದು ಮುದ್ದೆ, ಅದರ ತುಂಬ ಹಬ್ಬಿದ್ದ ಶಿಲೀಂಧ್ರದ ಬಿಳಿಯ ಎಳೆಗಳು. ಇರುವೆಗಳು ಎಲೆಯನ್ನು ಗೊಬ್ಬರವಾಗಿಸಿ ಅಣಬೆಯ ಜಾತಿಯ ಬೆಳೆ ತೆಗೆಯುತ್ತವೆ ಎಂದು ಬೆಲ್ಟ್ ಅವರು 1874ರ ತಮ್ಮ ಗ್ರಂಥದಲ್ಲಿ ಸಾರಿದರು. 1893ರಲ್ಲಿ ಆಲ್ಫ್ರೆಡ್ ಮೊಲ್ಲರ್ ಅವರು ಬ್ರೆಜಿಲ್‌ನಲ್ಲಿ ನಡೆಸಿದ ಅಧ್ಯಯನದಿಂದ ಅದನ್ನು ದೃಢಪಡಿಸಿದರು. ಆ ಎಳೆಗಳ ತುದಿಯಲ್ಲಿ ಉಬ್ಬಿರುವ, ಇರುವೆಗಳು ತಿನ್ನುವ ಪುಟ್ಟ ಗಂಟುಗಳನ್ನು ಅವರು ನವಿಲುಕೋಸಿಗೆ ಹೋಲಿಸಿದರು.

ಎಲೆ ಹೊತ್ತು ತರುವ ಇರುವೆಗೆ ಎಲೆಯ ರಸ ಸ್ವಲ್ಪ ದಕ್ಕೀತು, ಆದರೆ ಹೊತ್ತ ಹೊರೆ ತೋಟಕ್ಕೇ ಸಲ್ಲುತ್ತದೆ. ಗೂಡಿನ ಮರಿಹುಳುಗಳಿಗೆ ಆ ತೋಟದ ಫಲವೇ ಆಹಾರ. ಕಿರಿಯ ಗಾತ್ರದ ಇರುವೆಗಳು ತೋಟದ ಕಳೆ ಕೀಳುತ್ತವೆ. ತಂದ ಎಲೆ ಬೆಳೆಗೆ ವಿಷವೆಂದು ತಿಳಿದರೆ ಅಂತಹ ಎಲೆಯನ್ನು ತರುವುದನ್ನೇ ನಿಲ್ಲಿಸುತ್ತವೆ. ಹೊಸ ಸಂಸಾರ ಹೂಡಲು ಹಾರಿಹೋಗುವ ರಾಣಿ ಇರುವೆ ತವರಿನ ಬೆಳೆಯ ಒಂದು ತುಣುಕನ್ನು ಬಾಯೊಳಗಿನ ಚೀಲದಲ್ಲಿಟ್ಟು ಒಯ್ಯುತ್ತದೆ. ಆ ತುಣುಕು ಸತ್ತರೆ ಅದರ ಸಂತತಿಗೂ ಬದುಕಿಲ್ಲ.

ಈ ಅರಿವಿನಿಂದ ಬೆಲ್ಟ್ ಅವರಿಗಾದ ನಷ್ಟ ತುಂಬಲಿಲ್ಲ. ಆ ನಾಡುಗಳ ಕೃಷಿಕರಿಗೆ ಈ ಇರುವೆ ಇಂದಿಗೂ ಪೀಡೆಯೇ. ಆದರೆ ಕಳ್ಳನೆಂದು ತಿಳಿದವನ ಮನೆಯ ಬಾಗಿಲು ತೆರೆದಾಗ ಕಂಡದ್ದು ಗೊಬ್ಬರ ಹಾಕಿ, ಕಳೆ ಕಿತ್ತು, ಬೀಜ ಕಾಪಾಡುವ ಒಬ್ಬ ಒಕ್ಕಲಿಗನನ್ನು. ತೋಟಕ್ಕಾಗಿ ಮರುಗಿದ ಮನುಷ್ಯನೇ ನೆಲದೊಳಗಿನ ಆ ಇನ್ನೊಂದು ತೋಟವನ್ನು ಗುರುತಿಸಿದನು.