ಎತ್ತಿಗೆ ಪುಸ್ತಕ ಹಾಕ್ಲೇನ್ರಿ?

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ತಂಗಿಯ ಮಗಳು ಒಂದು ಭಾನುವಾರ ಬಂದವಳೇ ಹಾಳೆ, ಪೆನ್ನು ನನ್ನ ಮುಂದಿಟ್ಟಳು. "ಮಾಮಾ, ನಮ್ಮೂರ ಅರಿವು ಕೇಂದ್ರಕ್ಕ ಪರಿಸರದ ಪುಸ್ತಕ ತರಸ್ಲಕತ್ತೀವಿ. ದಿನಾ ಬದುಕೋದಕ್ಕ ಉಪಯೋಗ ಬೀಳೋ ಅಂಥಾವು ಒಂದ್ ಹತ್ತು ಬರದು ಕೊಡ್ರಿ." ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು.

ಹತ್ತು ಹೆಸರಿಗೆ ಹತ್ತು ನಿಮಿಷ ಸಾಕು ಅಂದುಕೊಂಡೆ. ಮೇಷ್ಟ್ರಾಗಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಧೂಳು ಕುಡಿದವನು ನಾನು. ಪ್ರತಿ ವರ್ಗಾವಣೆಯಲ್ಲೂ ಟ್ರಂಕಿನ ತಳಕ್ಕೆ ಇಂಥ ಪುಸ್ತಕಗಳೇ ಇರುತ್ತಿದ್ದವು. ನಾಗೇಶ ಹೆಗಡೆಯವರ 'ಇರುವುದೊಂದೇ ಭೂಮಿ', ತೇಜಸ್ವಿಯವರ 'ಪರಿಸರದ ಕತೆ', ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಎಂದು ಸರಸರ ಬರೆದೆ. ಪೆನ್ನು ನಿಂತದ್ದು ಆಮೇಲೆ. ಬರೆದವರೆಲ್ಲ ಮಳೆ ಸುರಿಯುವ ಸೀಮೆಯವರು, ಇಲ್ಲವೇ ಆ ಕಾಡು ಸುತ್ತಿದವರು. ಕೆಲವು ಪುಟಗಳನ್ನು ಹಿಂಡಿದರೆ ನೀರು ಬಂದೀತು. ನಮ್ಮಲ್ಲಿ ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆ; ಆಗುಂಬೆಯಲ್ಲಿ ಅದರ ಸುಮಾರು ಹತ್ತು ಪಟ್ಟು. ನಮ್ಮ ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಡುತ್ತದೆ. ಬಣ್ಣ ಕಪ್ಪು. ಇಲ್ಲಿ ಕೂತು 'ಹಸಿರು ಬದುಕು' ಅನ್ನುವಾಗ ಬೇರೆಯವರ ಅಂಗಿ ತೊಟ್ಟ ಹಾಗಾಗುತ್ತದೆ. ತೋಳು ಸ್ವಲ್ಪ ಉದ್ದ.

ಹಾಗೆಂದು ಓದಿದ್ದು ವ್ಯರ್ಥವಾಯಿತೆ?

ಆಳಂದದಲ್ಲಿದ್ದಾಗ ಕೈಗೆ ಬಂದದ್ದು 'ಒಂದು ಹುಲ್ಲಿನ ಕ್ರಾಂತಿ'. ಜಪಾನಿನ ಶಿಕೊಕು ದ್ವೀಪದ ರೈತ ಮಸನೊಬು ಫುಕುವೋಕಾ 1975ರಲ್ಲಿ ಪ್ರಕಟಿಸಿದ ಪುಸ್ತಕ. ಕನ್ನಡಕ್ಕೆ ತಂದವರು ಮೇಲುಕೋಟೆಯ ಸಂತೋಷ ಕೌಲಗಿ. ಉಳಬೇಡ, ರಾಸಾಯನಿಕ ಗೊಬ್ಬರ ಹಾಕಬೇಡ, ಕಳೆ ಕೀಳಬೇಡ, ಔಷಧ ಹೊಡೆಯಬೇಡ, ಕೊಯ್ದ ಹುಲ್ಲನ್ನು ಹೊಲಕ್ಕೇ ಹರಡು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ ನನಗೆ ಮೈಮೇಲೆ ದೇವರು ಬಂದಂತಾಗಿತ್ತು. ಮರುದಿನವೇ ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದವನನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಓದಿ ಹೇಳಿದೆ. ಬೀಡಿ ಮುಗಿಯುವ ತನಕ ಕೇಳಿದ.

"ಏನೂ ಮಾಡಬ್ಯಾಡ ಅಂತಾನೇನ್ರಿ ಅಂವ? ಹಂಗ ಮಾಡಿದ್ದಕ್ಕೇ ಹ್ವಾದ ವರ್ಷ ನೀವು ನನಗ ಬೈದಿದ್ರಿ."

ನಾನು ಮಾತನ್ನು ಹುಲ್ಲಿಗೆ ತಿರುಗಿಸಿದೆ. ಈ ಸಲ ಜೋಳದ ಕಣಿಕಿ ಹೊಲದಲ್ಲೇ ಬಿಡೋಣ ಎಂದೆ.

"ಕಣಿಕಿ ಹೊಲದಾಗ ಬಿಟ್ರ ಎತ್ತಿಗಿ ಪುಸ್ತಕ ಹಾಕ್ಲೇನ್ರಿ ಸರ?"

ಫುಕುವೋಕಾನ ನಾಲ್ಕು ಸೂತ್ರಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಮ್ಮಲ್ಲಿ ಜೋಳ ಅಂದರೆ ಎರಡು ಬೆಳೆ: ತೆನೆ ಮನುಷ್ಯರಿಗೆ, ದಂಟು ದನಕ್ಕೆ. ಹಿತ್ತಲಿನ ಬಣವಿ ಕರಗಿದಷ್ಟೂ ಮನೆಯೊಡೆಯನ ಮುಖ ಸಣ್ಣಗಾಗುವ ನಾಡು ಇದು. ಪುಸ್ತಕವನ್ನು ಟ್ರಂಕಿಗೆ ಹಾಕಿದೆ.

ಆದರೆ ಅದೇ ವರ್ಷ ಎಳ್ಳಮಾಸಿ ದಿನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು, ತೊಗರಿ ಸಾಲಿನ ನಡುವೆ ಹೆಜ್ಜೆ ಇಟ್ಟರೆ ಕಾಲಡಿ ಏನೋ ಚರಚರ ಅಂದಿತು. ಬಗ್ಗಿ ನೋಡಿದೆ. ಉದುರಿದ ತೊಗರಿ ಎಲೆ, ಹಳದಿ, ಕಂದು, ಒಂದರ ಮೇಲೊಂದು. ಬೆರಳಿಂದ ಸರಿಸಿದರೆ ಕೆಳಗಿನ ಮಣ್ಣು ಮಧ್ಯಾಹ್ನದ ಬಿಸಿಲಲ್ಲೂ ತಣ್ಣಗಿತ್ತು, ಬೆರಳಿಗೆ ಅಂಟಿತು. ಬೇರನ್ನು ಆಳಕ್ಕಿಳಿಸಿ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಕೂಡಿಟ್ಟು, ಮೇಲಿನಿಂದ ಎಲೆಯನ್ನೂ ಉದುರಿಸಿ, ಫುಕುವೋಕಾ ಹೇಳಿದ್ದನ್ನು ತೊಗರಿ ತಾನೇ ಮಾಡುತ್ತಿತ್ತು, ಎತ್ತಿನ ಮೇವಿಗೆ ಕೈ ಹಾಕದೆ. ಹುಟ್ಟಿದಾಗಿನಿಂದ ತುಳಿದು ಓಡಾಡಿದ ಎಲೆಯನ್ನು ನೋಡಲು ನನಗೆ ಜಪಾನಿನ ರೈತ ಬೇಕಾದ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ ಸಿಕ್ಕಿತು. ಎಲೆಯನ್ನು ಯಾರೂ ಕೇಳಲಿಲ್ಲ.

ಅಫಜಲಪುರಕ್ಕೆ ಬಂದಾಗ ಅವ್ವ ನಮ್ಮ ಜೊತೆಗಿದ್ದಳು. ಅಲ್ಲಿ ನನ್ನ ಓದು ಅವಳ ಮುಂದೆ ಸೋತಿತು. ಹತ್ತಿರದಲ್ಲಿ ಸಿಗುವ ಉರುವಲನ್ನೇ ಬಳಸಬೇಕು ಎಂದು ಯಾವುದೋ ಪುಸ್ತಕ ಹೇಳಿತ್ತು. ತೊಗರಿ ಕಟ್ಟಿಗೆ ಹೊಲದಲ್ಲಿ ಪುಕ್ಕಟೆ ಬಿದ್ದಿರುವಾಗ ಗ್ಯಾಸ್ ಯಾಕೆ ಎಂದು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಉಪನ್ಯಾಸ ಶುರು ಮಾಡಿದೆ. ಅವ್ವ ಊದುಗೊಳವಿ ತಂದು ಕೈಗಿಟ್ಟಳು: "ನೀನೇ ಊದಪ್ಪ. ನಲವತ್ತು ವರ್ಷ ನಾ ಊದೀನಿ." ಅವಳ ಕಣ್ಣಂಚು ಕೆಂಪಾಗಿಯೇ ಇರುತ್ತಿದ್ದುದು ಯಾಕೆಂದು ಆವತ್ತು ತಿಳಿಯಿತು. ಹಳೆಯದೆಲ್ಲ ಹಸಿರು ಎಂದು ಬರೆಯುವವರು ಒಲೆಯ ಎದುರು ಕೂತವರಾಗಿರುವುದಿಲ್ಲ.

ಅದೇ ಅವ್ವ ಒಂದು ಚಿಂದಿಯನ್ನೂ ಎಸೆದವಳಲ್ಲ. ಹರಿದ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಅಂಗಿ, ಎಲ್ಲ ಕೌದಿಯೊಳಗೆ ಹೋಗುತ್ತಿದ್ದವು. ಗಾಣಗಾಪುರದಲ್ಲಿ ಭೀಮಾ, ಅಮರ್ಜಾ ಕೂಡುವ ಸಂಗಮಕ್ಕೆ ಅವಳನ್ನು ಕರೆದೊಯ್ದಿದ್ದೆ. ಮಿಂದ ಕೆಲವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗಿದ್ದರು. ಕಲ್ಲಿಗೆ ಸಿಕ್ಕಿದ ಹಸಿರು ಸೀರೆಯೊಂದು ನೀರಲ್ಲಿ ಆಡುತ್ತಿತ್ತು. ಅವ್ವ ಮುಳುಗು ಹಾಕಿ ಕೈ ಮುಗಿದವಳು ಕಣ್ಣು ಬಿಟ್ಟು ಮೊದಲು ಅಂದದ್ದು: "ಒಂದ್ ಕೌದಿ ಆಗ್ತಿತ್ತಲ್ಲೋ."

ಜೇವರ್ಗಿಯಲ್ಲಿ ಓದಿದ್ದು ರೇಚಲ್ ಕಾರ್ಸನ್. ಡಿಡಿಟಿ ಹೊಡೆದ ಅಮೆರಿಕದ ಊರುಗಳಲ್ಲಿ ಹಕ್ಕಿಗಳು ಸದ್ದಡಗಿದ್ದನ್ನು ಅವರು 1962ರಲ್ಲಿ ಬರೆದರು. ನಮ್ಮಲ್ಲಿ ಡಬ್ಬಿಯ ಹೆಸರು ಬೇರೆ, ಅಷ್ಟೇ. ತೊಗರಿಯ ಕಾಯಿಕೊರಕ ಹುಳುವಿಗೆಂದು ಹೊಡೆಯುತ್ತಿದ್ದ ಎಂಡೋಸಲ್ಫಾನ್ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದೇ. ಅಲ್ಲಿಯ ಸಂಕಟವನ್ನು ಮೊದಲು ಬರೆದವರಲ್ಲಿ ಒಬ್ಬರು 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆ. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಲ್ಲಿಸಿದ್ದು 2011ರಲ್ಲಿ. ಅಡಿಕೆಯ ನಾಡಿನ ಬರಹ ತೊಗರಿಯ ನಾಡಿಗೆ ತಟ್ಟನೆ ತಾಗಿದ್ದು ಅಲ್ಲಿ. ಇಬ್ಬರ ಮನೆಯಲ್ಲೂ ಇದ್ದದ್ದು ಒಂದೇ ವಿಷ.

ನಮ್ಮ ಹುಳುವಂತೂ ಔಷಧಕ್ಕೆ ಪಳಗಿಬಿಟ್ಟಿತ್ತು. 1997-98ರಲ್ಲಿ ಎಷ್ಟು ಹೊಡೆದರೂ ಸಾಯದೆ ಜಿಲ್ಲೆಯ ತೊಗರಿಯನ್ನು ಬಳಿದು ತಿಂದಿತು. ಆಮೇಲೆ ಕೆಲವು ಹೊಲಗಳಲ್ಲಿ ಹಳೆಯ ವಿದ್ಯೆಯೊಂದು ಮರಳಿತು. ನಸುಕಿನಲ್ಲಿ ಇಬ್ಬರು ಸಾಲಿನ ನಡುವೆ ತಾಡಪತ್ರಿ ಹಿಡಿದು ಸಾಗುವುದು, ಒಬ್ಬರು ಗಿಡ ಹಿಡಿದು ಮೆಲ್ಲಗೆ ಅಲ್ಲಾಡಿಸುವುದು. ಹುಳು ಟಪಟಪ ಉದುರುತ್ತವೆ. ಬದುವಿನಲ್ಲಿ ಕಾಯುವ ಕೋಳಿಗಳಿಗೆ ಅವತ್ತು ಹಬ್ಬ. ಜೋರಾಗಿ ಅಲ್ಲಾಡಿಸಿದರೆ ಹೂವೂ ಉದುರುತ್ತದೆ, ತೀರಾ ಮೆಲ್ಲಗಾದರೆ ಹುಳು ಬೀಳುವುದಿಲ್ಲ. ಆ ಹದ ಯಾವ ಪುಸ್ತಕದಲ್ಲೂ ಇರಲಿಲ್ಲ, ಕೂಲಿಗೆ ಬಂದ ಹೆಂಗಸರ ಮಣಿಕಟ್ಟಿನಲ್ಲಿ ಇತ್ತು.

ಇಷ್ಟೆಲ್ಲ ನೆನಪಾಗುತ್ತ ಸಂಜೆಯಾಯಿತು. ಪಟ್ಟಿಯಲ್ಲಿ ಆರೇ ಹೆಸರು ಬಿದ್ದಿದ್ದವು. "ಹತ್ತು ಅಂದಿದ್ದೆನಲ್ಲ ಮಾಮಾ?" ಎಂದಳು. ಆರನ್ನು ಓದಿ ಜಗಳಕ್ಕೆ ಬರಲಿ, ಉಳಿದ ನಾಲ್ಕು ಆಮೇಲೆ ನೋಡೋಣ ಎಂದು ಕಳಿಸಿದೆ.

ಮೂರು ತಿಂಗಳ ಮೇಲೆ ಅರಿವು ಕೇಂದ್ರಕ್ಕೆ ಹೋದೆ. 'ಒಂದು ಹುಲ್ಲಿನ ಕ್ರಾಂತಿ'ಯನ್ನು ಯಾರೋ ಒಯ್ದು ತಂದಿಟ್ಟಿದ್ದರು. ನಡುವೆ ಗುರುತಿಗೆಂದು ಒಣಗಿದ ತೊಗರಿ ಎಲೆ. ಹುಲ್ಲು ಹರಡುವ ಮಾತು ಬರುವ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ: "ಎತ್ತಿಗಿ?"

ಗ್ರಂಥಾಲಯದ ಪುಸ್ತಕದ ಮೇಲೆ ಬರೆಯಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಮೇಷ್ಟ್ರು ನಾನು. ಜೇಬಿನಲ್ಲಿ ರಬ್ಬರೂ ಇತ್ತು. ಪುಸ್ತಕ ಮುಚ್ಚಿ, ಮತ್ತೊಬ್ಬರ ಕೈಗೆ ಬೇಗ ಸಿಗುವ ಹಾಗೆ ಮುಂದಿನ ಸಾಲಿಗೆ ಇಟ್ಟು ಬಂದೆ.